ನಾಲ್ಕನೆಯ ಸನ್ನೆ

ಇಂಥ ಕತೆಗಳನ್ನು ಬೇರೆಯವರು ಹೇಳುವಾಗ ನಕ್ಕವನು ನಾನು. ಸತ್ತ ಅಜ್ಜ ಕನಸಿನಲ್ಲಿ ಬಂದು ಎಚ್ಚರಿಸಿದನಂತೆ, ಅಲ್ಲಿ ತಾಯಿ ಬಿದ್ದಾಗ ಇಲ್ಲಿ ಮಗಳ ಎದೆ ಝಲ್ಲೆಂದಿತಂತೆ ಎಂದು ಯಾರಾದರೂ ಶುರು ಮಾಡಿದರೆ, "ಎದಿ ಝಲ್ ಅಂದು ಏನೂ ಆಗದ ದಿನಾನೂ ಇರ್ತಾವಲ್ಲ, ಅವನ್ನ ಯಾಕ ಹೇಳಂಗಿಲ್ಲ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ನಾನು ತಬಲಾ ಮಾಸ್ತರ. ತಾಳಕ್ಕೆ ಹದಿನಾರು ಮಾತ್ರೆ ಎಂದರೆ ಹದಿನಾರೇ, ಹದಿನಾರೂವರೆ ಅಲ್ಲ ಎನ್ನುವ ಜಾತಿ. ಆದ್ದರಿಂದ ಮುಂದಿನದನ್ನು ನೀವು ನಂಬಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹುಮನಾಬಾದಿನ ರುಕ್ಮಾಬಾಯಿಯವರ ಹೆಸರು ಕೇಳದವರು ನಮ್ಮ ಭಾಗದಲ್ಲಿ ಕಡಿಮೆ. ತತ್ವಪದ ಹಾಡಲಿ, ಗಜಲ್ ಹಾಡಲಿ, ಕೂತ ಜನ ಏಳುತ್ತಿರಲಿಲ್ಲ. ನಮಗೆಲ್ಲ ಅವರು ಅಕ್ಕೋರು. ಇಪ್ಪತ್ತೆರಡು ವರ್ಷ ಅವರ ಬಲಕ್ಕೆ ಕೂತು ತಬಲಾ ನುಡಿಸಿದ್ದೇನೆ. ಎಪ್ಪತ್ತು ದಾಟಿದ ಮೇಲೆ ಅವರು ಕಛೇರಿ ನಿಲ್ಲಿಸಿ, ಸಂಜೆ ಮನೆಗೆ ಬರುವ ಹೆಣ್ಣುಮಕ್ಕಳಿಗೆ ಹಾಡು ಕಲಿಸತೊಡಗಿದ್ದರು. ಮದುವೆಯಾದವರಲ್ಲ. ಒಬ್ಬರೇ ಇರುವುದು ಅವರಿಗೆ ಇಷ್ಟವೇ ಇತ್ತು.

ನಾನಿರುವುದು ಬಸವಕಲ್ಯಾಣದಲ್ಲಿ. ಇಲ್ಲಿಯ ನಜ್ಮಾ ನನ್ನ ಹಳೆಯ ಶಿಷ್ಯೆ, ಕಂಪ್ಯೂಟರ್ ಓದಿದವಳು. ಮನೆಯ ಮಾಳಿಗೆಯ ಕೋಣೆಯಲ್ಲಿ ಕೂತು ಮೊಬೈಲ್ ಗೇಮ್ ಮಾಡುತ್ತಾಳೆ. ಒಂದು ದಿನ ಬಂದು, "ಸರ್, ಪರದೇಶದ ದೊಡ್ಡ ದೊಡ್ಡ ಹಾಡುಗಾರರ ಮ್ಯಾಲೆಲ್ಲ ಗೇಮ್ ಅವ. ನಮ್ಮ ಅಕ್ಕೋರ ಮ್ಯಾಲೆ ಯಾಕ ಇರಬಾರದು?" ಎಂದಳು. ಅಕ್ಕೋರು ಬಿದ್ದು ಬಿದ್ದು ನಕ್ಕು ಒಪ್ಪಿದರು, ನಾಲ್ಕು ಪದ ಹಾಡಿಯೂ ಕೊಟ್ಟರು.

ಆಟ ಸರಳ. ಪರದೆಯಲ್ಲಿ ಅಕ್ಕೋರು ಹಸಿರು ಸೀರೆ ಉಟ್ಟು ಕೂತು ಹಾಡುತ್ತಾರೆ. ಕೆಳಗೆ ಎರಡು ತಬಲಾ. ಬೆರಳಿನಿಂದ ತಾಳ ಕೊಡಬೇಕು. ತಪ್ಪಿದರೆ ಎದುರು ಕೂತ ಜನ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಆ ಚಿತ್ರಕ್ಕೆ ನಜ್ಮಾ ಮೂರು ಸನ್ನೆ ಕೊಟ್ಟಿದ್ದಳು: ಕೈ ಮೇಲೆತ್ತುವುದು, ತಲೆ ತೂಗುವುದು, ಕಣ್ಣು ಮುಚ್ಚುವುದು. "ಇನ್ನೂ ಹಾಕಿದ್ರ ಸಸ್ತಾ ಫೋನಿನ್ಯಾಗ ಗೇಮ್ ನಡೆಯಂಗಿಲ್ರಿ" ಎಂದಿದ್ದಳು.

ಚಳಿಗಾಲದ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ತಾಳ ಸರಿ ಕೂತಿದೆಯೇ ನೋಡಲು ನಜ್ಮಾ ನನ್ನನ್ನು ಕರೆಸಿದ್ದಳು. ನಾನು ಆಡುತ್ತಿದ್ದೆ, ಅವಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಎರಡನೆಯ ಪದದ ನಡುವೆ ಪರದೆಯ ಮೇಲಿನ ಅಕ್ಕೋರು ಮುಖ ತಿರುಗಿಸಿ ನನ್ನನ್ನು ನೋಡಿದರು. ಅಂಗೈ ಕೆಳಗೆ ಮಾಡಿ ಎರಡು ಸಲ ಮೆಲ್ಲಗೆ ಗಾಳಿಯನ್ನು ಒತ್ತಿದರು.

ನನ್ನ ಬೆರಳು ನಿಂತುಬಿಟ್ಟಿತು. ಅದು ನಮ್ಮಿಬ್ಬರ ನಡುವಿನ ಸನ್ನೆ. ಕಛೇರಿಯಲ್ಲಿ ಅವರಿಗೆ ಉಸಿರು ಸಾಲದೆ ಹೋದಾಗ, "ನಿಲ್ಲಿಸು, ದಮ್ಮು ಹತ್ತಿದೆ" ಎಂದು ಹೇಳುವ ಸನ್ನೆ. ನಜ್ಮಾಳಿಗಾಗಲಿ ಬೇರೆ ಯಾರಿಗಾಗಲಿ ನಾನು ಅದನ್ನು ಹೇಳಿದವನಲ್ಲ.

"ಇದ್ಯಾವಾಗ ಹಾಕಿದಿ?" ಎಂದೆ.

ನಜ್ಮಾಳ ಮುಖ ಬಿಳಿಚಿಕೊಂಡಿತ್ತು. "ನಾ ಹಾಕಿಲ್ರಿ ಸರ್. ಇಂಥಾದು ನಾ ಮಾಡೇ ಇಲ್ಲ."

ಅಕ್ಕೋರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಪೂರ್ತಿ ಬಾರಿಸಿ ನಿಂತಿತು. ಅವರ ಪಕ್ಕದ ಮನೆಯಲ್ಲಿ ಖಾಸಿಂಸಾಬ್ ಎಂಬ ಬಡಗಿ ಇದ್ದಾರೆ. ಅವರ ನಂಬರಿಗೆ ಹಚ್ಚಿದೆನೇನೋ ನಿಜ, ಆದರೆ ಏನಂತ ಹೇಳುವುದು? ಫೋನಿನೊಳಗಿನ ಗೊಂಬೆ ಕೈ ಮಾಡಿತು ಅಂತಲೇ?

"ಅಕ್ಕೋರು ಫೋನ್ ಎತ್ತವಲ್ರು, ಜರಾ ನೋಡ್ತೀರೇನ್ರಿ?" ಎಂದೆ.

"ಮನ್ಯಾಗೇ ಅದಾರ್ರಿ ಮಾಸ್ತರ. ರೇಡಿಯೋ ಹಚ್ಯಾರ, ನನಗ ಇಲ್ಲಿ ತನಕ ಕೇಳಾಕತ್ತದ. ಜಳಕಕ್ಕ ಹೋಗಿರಬೇಕು."

ನನಗೆ ನಾಚಿಕೆಯಾಯಿತು. ಸರಿ ಬಿಡಿ ಎನ್ನುವಷ್ಟರಲ್ಲಿ ನಜ್ಮಾ ಫೋನ್ ಕಿತ್ತುಕೊಂಡು ಸ್ಪೀಕರ್ ಹಚ್ಚಿದಳು. "ಚಾಚಾ, ಒಳಗ ಹೋಗಿ ಬಾಗಿಲ ಬಡೀರಿ. ಜೋರ್‌ಲೆ ಬಡೀರಿ. ಫೋನ್ ಇಡಬ್ಯಾಡ್ರಿ."

ಆಮೇಲೆ ನಾವು ಬರೀ ಕೇಳಿದೆವು. ಚಪ್ಪಲಿಯ ಸದ್ದು. ಹತ್ತಿರವಾಗುತ್ತ ಬಂದ ರೇಡಿಯೋ. "ಅಕ್ಕೋರ... ಅಕ್ಕೋರ..." ಬಾಗಿಲು ಬಡಿದ ಸದ್ದು, ಮತ್ತೆ ಬಡಿದ ಸದ್ದು. "ಬಚ್ಚಲದ ಬಾಗಿಲ ಒಳಗಿಂದ ಹಾಕ್ಯಾರ್ರಿ, ನೀರಿನ ಸಪ್ಪಳ ಅದ, ಮಾತಾಡವಲ್ರು" ಎಂದರು ಖಾಸಿಂಸಾಬ್. ಅವರ ದನಿ ಬದಲಾಗಿತ್ತು. "ಒಡೀರಿ!" ಎಂದು ನಾನು ಕೂಗಿದೆ. ಫೋನ್ ಎಲ್ಲೋ ಬಿತ್ತು. ಕಟ್ಟಿಗೆ ಸೀಳಿದ ಸದ್ದು ಕೇಳಿತು. ಬಹಳ ಹೊತ್ತು ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ನಜ್ಮಾಳ ಉಗುರು ನನ್ನ ಮುಂಗೈಯಲ್ಲಿ ನೆಟ್ಟಿತ್ತು. ಕೊನೆಗೆ ಯಾರೋ ಹೆಂಗಸು, "ಜೀವ ಅದ, ಜೀವ ಅದ, ಹೊರಗ ತಗೊಂಡು ಬರ್ರಿ" ಎಂದದ್ದು ಕೇಳಿಸಿತು.

ನಾವು ಬಸ್ಸು ಹಿಡಿದು ಹುಮನಾಬಾದಿಗೆ ಹೋಗುವಷ್ಟರಲ್ಲಿ ಅವರನ್ನು ದವಾಖಾನೆಗೆ ಸೇರಿಸಿ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಚಳಿಯೆಂದು ಅಕ್ಕೋರು ಬಚ್ಚಲ ಕಿಟಕಿ ಮುಚ್ಚಿ ಗ್ಯಾಸ್ ಗೀಸರ್ ಹಚ್ಚಿದ್ದರು. ಅದರ ವಿಷಗಾಳಿಗೆ ವಾಸನೆಯಿಲ್ಲ, ಮನುಷ್ಯನಿಗೆ ತಿಳಿಯುವ ಮೊದಲೇ ಎಚ್ಚರ ತಪ್ಪುತ್ತದೆ, ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಅಂದಿನ ಆಟವನ್ನು ನಜ್ಮಾ ರೆಕಾರ್ಡ್ ಮಾಡಿಟ್ಟಿದ್ದಳು. ಊರಿಗೆ ಮರಳಿದ ಮೇಲೆ ಇಬ್ಬರೂ ಕೂತು ನೋಡಿದೆವು. ಎರಡನೆಯ ಪದ, ನಡುವೆ ನನ್ನ ತಾಳ ಕಡಿದು ನಿಲ್ಲುತ್ತದೆ. ಜನ ಒಬ್ಬೊಬ್ಬರಾಗಿ ಏಳುತ್ತಾರೆ. ಅಕ್ಕೋರು ಕೈ ಎತ್ತುತ್ತಾರೆ, ತಲೆ ತೂಗುತ್ತಾರೆ, ಕಣ್ಣು ಮುಚ್ಚುತ್ತಾರೆ. ಅಷ್ಟೇ. ನಾಲ್ಕನೆಯದು ಎಲ್ಲೂ ಇಲ್ಲ. ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ.

ಮೂರನೆಯ ದಿನ ಅಕ್ಕೋರಿಗೆ ಮಾತಾಡುವಷ್ಟು ಶಕ್ತಿ ಬಂದಾಗ ದವಾಖಾನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆ ಹೊತ್ತಿನಲ್ಲಿ ನನ್ನನ್ನು ನೆನೆಸಿದ್ದಿರಾ ಎಂದು ಕೇಳಿದೆ.

"ಸುಳ್ಳ್ಯಾಕ ಹೇಳ್ಲಿ ಮಾಸ್ತರ. ನಿಮ್ಮ ನೆನಪು ಬರಲಿಲ್ಲ, ದೇವರ ನೆನಪೂ ಬರಲಿಲ್ಲ. ಟವಲ್ ಮರ್ತು ಬಂದೀನಿ ಅನಿಸ್ತು. ಅದೇ ಕಡೀದು."

ಆಮೇಲೆ, "ಗೇಮಿನ್ಯಾಗ ಕೈಸನ್ನಿ ಮಾಡುವಾಗ ನಾ ನಿಮ್ಮ ಕಡಿ ನೋಡಿದ್ನೇನು?" ಎಂದರು.

"ಹೌದ್ರಿ. ಮುಖ ತಿರುಗಿಸಿ ನೋಡಿದ್ರಿ."

"ಇಪ್ಪತ್ತೆರಡು ವರ್ಷದಾಗ ನಾ ಒಮ್ಮೆರೆ ಹಂಗ ನೋಡೀನೇನ್ರಿ? ನೋಡಿದ್ರ ಮುಂದ ಕುಂತವ್ರಿಗೆ ತಿಳಿತದಂತ ಬರೇ ಕೈ ಅಷ್ಟೇ ಆಡಿಸ್ತಿದ್ದೆ."

ಅದು ನಿಜ. ಅವರೆಂದೂ ನೋಡಿದವರಲ್ಲ. ಎದುರಿನ ಜನರ ಮೇಲೆ ಕಣ್ಣಿಟ್ಟು, ತೊಡೆಯ ಪಕ್ಕದಲ್ಲಿ ಕೈ ಮಾತ್ರ ಆಡಿಸುತ್ತಿದ್ದರು.

"ಹಂಗಾದ್ರ ನಿಮ್ಮನ್ನ ನೋಡಿದಾಕಿ ಯಾರ್ರಿ, ಮಾಸ್ತರ?" ಎಂದು ಕೇಳಿದರು. ಹೆದರಿ ಕೇಳಿದ ಪ್ರಶ್ನೆಯಲ್ಲ ಅದು, ತಿಳಿಯಬೇಕೆಂದೇ ಕೇಳಿದ್ದು.