ಅಪ್ಪ ಒತ್ತಿದ ಪುಟ್ಟಿ

ಅಪ್ಪನನ್ನು ಮಣ್ಣು ಮಾಡಿ ತಿಂಗಳಾಗುತ್ತ ಬಂದಿತ್ತು. ನನಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಬಸವಕಲ್ಯಾಣದ ಮನೆಗೆ ಮಾತನಾಡಿಸಲು ಬಂದವರೆಲ್ಲ ನನ್ನ ಮುಖ ನೋಡಿ ಅವ್ವನ ಕಿವಿಯಲ್ಲಿ ಏನೋ ಹೇಳಿ ಹೋಗುತ್ತಿದ್ದರು. ಸೋದರಮಾವ ಮಾತ್ರ ನೇರವಾಗಿಯೇ ಅಂದಿದ್ದ: "ಅತ್ತ ಬಿಡು ತಮ್ಮಾ, ಎದಿ ಹಗುರ ಆಗ್ತದ. ಹಿಂಗ ಕಲ್ಲಾಗಿ ಕುಂದ್ರಬ್ಯಾಡ." ಅಳು ಏನು ನಲ್ಲಿ ನೀರೇ, ತಿರುಗಿಸಿದರೆ ಬರಲಿಕ್ಕೆ? ಸಿಟ್ಟು ಬಂತು. ಅರೆಗಳಿಗೆಯಲ್ಲಿ ಅದೂ ಹೋಯಿತು.

ಅವ್ವನನ್ನು ಕರೆದುಕೊಂಡು ಹುಮನಾಬಾದಿಗೆ ವಾಪಸ್ ಬಂದೆ. ಔಷಧ ಕಾರ್ಖಾನೆಯಲ್ಲಿ ನನ್ನದು ಪ್ಯಾಕಿಂಗ್ ಕೆಲಸ. ಡ್ಯೂಟಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಅವ್ವ ಬಡಿದ ರೊಟ್ಟಿ ತಿನ್ನುತ್ತಿದ್ದೆ. ಉಪ್ಪು ಹೆಚ್ಚೋ ಕಡಿಮೆಯೋ ಕೇಳಿದರೆ ಹೇಳಲಾರೆ. ಕಿಟಕಿಯ ಕಟ್ಟೆಯ ಮೇಲೆ ಅರ್ಧಕ್ಕೆ ನಿಂತ ಪ್ಲಾಸ್ಟಿಕ್ ವಿಮಾನವಿತ್ತು. ಅದನ್ನು ಮುಟ್ಟಲಿಲ್ಲ.

ಈ ವಿಮಾನದ ಚಟ ನನಗೆ ಬಹಳ ವರ್ಷದ್ದು. ಡಬ್ಬಿಯಲ್ಲಿ ಬಿಡಿಬಿಡಿ ಭಾಗ ಬರುತ್ತವೆ. ಅಂಟಿಸಿ ಬಣ್ಣ ಹಚ್ಚಬೇಕು. ಹೊಟ್ಟೆಯ ಎರಡು ಹೋಳು ಕೂಡುವಲ್ಲಿ ಸಣ್ಣ ಬಿರುಕು ಉಳಿದೇ ಉಳಿಯುತ್ತದೆ. ಅದಕ್ಕೆ ಪುಟ್ಟಿ ಅನ್ನುವ ಮೆತ್ತನೆಯ ಲೇಪ ತುಂಬಿ, ಒಣಗಿದ ಮೇಲೆ ಪಾಲಿಶ್ ಕಾಗದದಿಂದ ತಿಕ್ಕಿ ನುಣುಪು ಮಾಡದಿದ್ದರೆ ಬಣ್ಣದ ಮೇಲೂ ಗೆರೆ ಎದ್ದು ಕಾಣುತ್ತದೆ.

ಅಪ್ಪ ಜೀವಮಾನವಿಡೀ ಬಸವಕಲ್ಯಾಣದ ಗ್ಯಾರೇಜುಗಳಲ್ಲಿ ಲಾರಿಗಳಿಗೆ ಮಾಡಿದ್ದು ಇದೇ ಕೆಲಸ. ಕೊನೆಯ ಸಲ ನನ್ನ ಮನೆಗೆ ಬಂದಾಗ ನನ್ನ ಟ್ಯೂಬಿನ ಪುಟ್ಟಿ ನೋಡಿ ನಕ್ಕರು. "ಇದೇನೋ, ಹಲ್ಲ ತಿಕ್ಕೋ ಪೇಸ್ಟೇನು?" ಹೆದ್ದಾರಿಯ ಗ್ಯಾರೇಜಿನಿಂದ ಲಾರಿ ಪುಟ್ಟಿ ತಂದರು. ಡಬ್ಬಿಯ ಮುಚ್ಚಳದ ಮೇಲೆ ಕಲಸಿ, ಬಿರುಕಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿದರು. "ನಾಳಿ ತಿಕ್ಕು. ಭಾಳ ದಿನ ಬಿಟ್ರ ಕೈ ನೋಯ್ತಾವ ನೋಡು," ಎಂದು ಹೇಳಿ ಬಸ್ಸು ಹತ್ತಿದರು. ಡ್ಯೂಟಿಯ ಗಡಿಬಿಡಿಯಲ್ಲಿ ನಾನು ತಿಕ್ಕಲಿಲ್ಲ. ನಾಲ್ಕನೆಯ ದಿನ ಎದೆನೋವು ಬಂದು ಅಪ್ಪ ಹೋದರು.

ಪುಟ್ಟಿ ಈಗ ಗಟ್ಟಿಯಾಗಿತ್ತು. ಬಾಲದಿಂದ ಮೂತಿಯವರೆಗೆ ಅಪ್ಪನ ಹೆಬ್ಬೆರಳಿನ ಗುರುತು, ಒಂದರ ಪಕ್ಕ ಒಂದು. ಯಾವತ್ತೋ ತಗಡು ಕೊಯ್ದ ಗಾಯದ ಗೀರು ಸಹಿತ ಪ್ರತಿಯೊಂದರಲ್ಲೂ ಮೂಡಿತ್ತು. ತಿಕ್ಕಿದರೆ ಹೋಯಿತು, ಮತ್ತೆ ಎಲ್ಲಿಂದ ತರಲಿ?

ಒಂದು ಭಾನುವಾರ ಅವ್ವ ಅದನ್ನು ಎತ್ತಿಕೊಂಡಳು.

"ಇದ್ಯಾಕ ಹಿಂಗ ಬಿಟ್ಟಿ?"

"ಅಪ್ಪನ ಬಟ್ಟಿನ ಗುರ್ತ ಅದಾವ ಅವ್ವಾ. ಇರ್ಲಿ ಬಿಡು."

ಅವ್ವ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಪುಟ್ಟಿ ಕಂಡ್ರ ಕೆಲ್ಸ ಕೆಟ್ಟಂಗ ಅಂತಿದ್ರು ನಿಮ್ಮಪ್ಪ. ಯಾರರೆ ಬಟ್ಟ ಮಾಡಿ ತೋರ್ಸಿದ್ರ ಅವತ್ತ ಊಟಾನೇ ಮಾಡ್ತಿದ್ದಿಲ್ಲ. ನೀ ನೋಡಿದ್ರ ಮಂದಿಗಿ ಕಾಣಂಗ ಕಿಡಕ್ಯಾಗ ಇಟ್ಟಿ. ಅವರ ಮಾನ ಕಳೀಬೇಕಂತ ಮಾಡಿಯೇನು?"

ಅವ್ವನೇ ಬೋಗುಣಿಯಲ್ಲಿ ನೀರು ತಂದಿಟ್ಟಳು.

ಕಾಗದ ನೆನೆಸಿ ತಿಕ್ಕತೊಡಗಿದೆ. ಬೂದು ನೀರು ಮೊಣಕೈಯವರೆಗೆ ಇಳಿಯಿತು. ಏನೂ ಅನ್ನಿಸಲಿಲ್ಲ. ಡಬ್ಬಿಗೆ ಗುಳಿಗೆ ತುಂಬಿದ ಹಾಗೆ ಕೈ ತನ್ನಷ್ಟಕ್ಕೆ ಆಡುತ್ತಿತ್ತು. ಮೂತಿಯ ಹತ್ತಿರದ ಕೊನೆಯ ಗುರುತಿಗೆ ಬಂದಾಗ ಮಾತ್ರ ನಿಂತಿತು.

"ತಿಕ್ಕು," ಅಂದಳು ಅವ್ವ.

ತಿಕ್ಕಿದೆ. ಒರೆಸಿ ಅವಳ ಕೈಗೆ ಕೊಟ್ಟೆ. ಕಣ್ಣು ಮುಚ್ಚಿ ಜೋಡಣೆಯ ಮೇಲೆ ಅಡ್ಡಡ್ಡ ಉಗುರು ಎಳೆದಳು. "ಎಲ್ಲೂ ತಟ್ಟವಲ್ದು. ಛಂದ ಆಗ್ಯದ."

ನಾನೂ ಉಗುರು ಎಳೆದು ನೋಡಿದೆ. ಒಮ್ಮೆ, ಮತ್ತೊಮ್ಮೆ. ಅಪ್ಪ ಎಲ್ಲಿಯೂ ಇರಲಿಲ್ಲ. ಅಪ್ಪ ಸತ್ತಿದ್ದಾರೆ ಅಂತ ನನಗೆ ಗೊತ್ತಾದದ್ದು ಆಗ. ಬಾಯಿಂದ ಹೊರಟ ದನಿ ನನ್ನದೇ ಅನ್ನಿಸಲಿಲ್ಲ. ಅವ್ವ ಎದ್ದು ಹೋಗಿ ಬಾಗಿಲು ಹಾಕಿ ಬಂದು ನನ್ನ ಪಕ್ಕದಲ್ಲಿ ಕುಳಿತಳು.