ರಾಣಿ ಬದಲಿಸಿದ ತಮ್ಮ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಲೆಂಡಿನ ವಾಗೆನಿಂಗನ್‌ನಲ್ಲಿ ಸಂಶೋಧನೆ ಮಾಡುತ್ತ ಡಚ್ ಮುದುಕಿಯೊಬ್ಬರ ಮಹಡಿಯಲ್ಲಿ ಬಾಡಿಗೆಗಿದ್ದೆ. ಅಜ್ಜಿ ಎಂದೇ ಕರೆಯುತ್ತಿದ್ದೆ. ಅವರ ತಮ್ಮ ಮೀಸೆ ಚಿಗುರುವ ವಯಸ್ಸಿಗೆ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದವರು. ಅಲ್ಲಿ ಕುರಿ ಸಾಕುವವರ ಸೀಮೆಯಿಂದ ಪಾರ್ಲಿಮೆಂಟಿಗೆ ಆರಿಸಿಬಂದು, ಕೂದಲು ನೆರೆಯುವ ತನಕ ಒಮ್ಮೆಯೂ ಸೋಲಲಿಲ್ಲ. ಹಳೆಯದನ್ನು ಅಲ್ಲಾಡಿಸಬೇಡಿ ಎನ್ನುವ ಪಕ್ಷ. ಇಂಗ್ಲೆಂಡಿನ ರಾಣಿಯೇ ನಮಗಿರಲಿ ಎನ್ನುವ ವಾದ. "ನಮ್ಮ ಹಾಲೆಂಡಿನ ರಾಣೀನ ಬಿಟ್ಟು ಇನ್ನೊಬ್ಬಳನ್ನ ಕಟ್ಕೊಂಡ" ಎಂದು ಅಜ್ಜಿ ಹಂಗಿಸುತ್ತಿದ್ದರು.

ನಿವೃತ್ತರಾದ ಮೇಲೆ ಆ ತಮ್ಮ ಮೊದಲ ಸಲ ಅಕ್ಕನ ಮನೆಗೆ ಬಂದರು. ರಾಜಕಾರಣಿ ಎಂದರೆ ನನಗೆ ಮೈಯೆಲ್ಲ ಉರಿ. ಇವರೋ, ಊಟವಾದೊಡನೆ ಅಂಗಿಯ ತೋಳು ಮಡಚಿ ತಟ್ಟೆ ತೊಳೆದರು.

"ಎಲೆಕ್ಷನ್ನಲ್ಲಿ ಏನೇನು ಆಶ್ವಾಸನೆ ಕೊಡ್ತಿದ್ರಿ?" ಎಂದು ಇಂಗ್ಲಿಷಿನಲ್ಲಿ ಕೆಣಕಿದೆ.

"ರಸ್ತೆ ಆಗಲ್ಲ ಅಂದ್ರೆ ಆಗಲ್ಲ ಅಂತಲೇ ಹೇಳ್ತಿದ್ದೆ. ಬೈದು ವೋಟು ಹಾಕೋರು."

ನಾನು ದಂಗಾದೆ. ನಮ್ಮ ಕಡೆ ಹೀಗಂದವರಿಗೆ ಠೇವಣಿಯೂ ಉಳಿಯುತ್ತಿರಲಿಲ್ಲ.

ಖಚಿತವಿಲ್ಲದ ಮಾತು ಕೊಡದ ಆ ಗುಣದಿಂದಲೇ ಅಜ್ಜಿಗೆ ಸಂಕಟ. ತಮ್ಮ ಹಡಗು ಹತ್ತುವಾಗ ತಾಯಿ "ಮತ್ತೆ ಯಾವಾಗ?" ಎಂದರೆ "ಗೊತ್ತಿಲ್ಲ" ಎಂದಿದ್ದರಂತೆ. ತಾಯಿ ಕಾದೂ ಕಾದೂ ತೀರಿಕೊಂಡರು.

"ಇನ್ನೊಂದು ಸಲ ಬರ್ತೀನಿ ಅಂತ ಅವನ ಬಾಯಿಂದ ಬಂದ್ರೆ ಸಾಕು ನಂಗೆ. ಅವನು ಅಂದ್ರೆ ಬಂದೇ ಬರ್ತಾನೆ" ಎಂದು ಅಜ್ಜಿ ನನ್ನೆದುರು ಕಣ್ಣೊರೆಸಿಕೊಂಡರು. ತಮ್ಮನನ್ನು ಕೇಳಲು ಮಾತ್ರ ಧೈರ್ಯವಿಲ್ಲ.

ನಾನು ಲ್ಯಾಬಿಗೆ ಹೊರಡುವಾಗ "ಹೋಗಿ ಬರ್ತೀನಿ" ಎಂಬುದನ್ನೇ ಪದಕ್ಕೆ ಪದ ಡಚ್ಚಿಗಿಳಿಸಿ ಹೇಳುತ್ತಿದ್ದೆ. "ಹಾಗೆ ಯಾರೂ ಅನ್ನಲ್ಲ" ಎಂದು ಅಜ್ಜಿ ಪ್ರತಿ ಸಲವೂ ತಿದ್ದುತ್ತಿದ್ದರು. ಒಂದು ಬೆಳಿಗ್ಗೆ ಅವರ ತಮ್ಮ ಇದನ್ನು ಕೇಳಿಸಿಕೊಂಡು, ಹಾಗೇಕೆ ಹೇಳುತ್ತೀಯ ಎಂದರು.

"ನಮ್ಮಲ್ಲಿ ಬರೀ 'ಹೋಗ್ತೀನಿ' ಅನ್ನಬಾರದು, ಮನೇಲಿರೋರಿಗೆ ಕಸಿವಿಸಿ ಆಗತ್ತೆ" ಎಂದೆ.

"ಅಂದ್ರೆ ಅದು ಮಾತು ಕೊಟ್ಟ ಹಾಗೆ?"

"ಹಾಗೇ ಅಂದ್ಕೊಳ್ಳಿ."



ಅವರು ಹೊರಡುವ ದಿನ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತ್ತು. ಅಜ್ಜಿ ತಮ್ಮನ ಕೋಟಿನ ಗುಂಡಿ ಹಾಕುತ್ತಿದ್ದರು. ಅವರು ಅಕ್ಕನ ಕೈ ಹಿಡಿದು, ಮರೆತುಹೋಗಿದ್ದ ಡಚ್ಚಿನಲ್ಲಿ ತಡವರಿಸುತ್ತ ನನ್ನ ಆ ತಪ್ಪು ವಾಕ್ಯವನ್ನೇ ಹೇಳಿದರು: "ಹೋಗಿ ಬರ್ತೀನಿ."

"ಯಾವಾಗ?" ಎಂದರು ಅಜ್ಜಿ.

"ಮುಂದಿನ ವರ್ಷ. ಚೆರ್ರಿ ಹಣ್ಣಿನ ಕಾಲಕ್ಕೆ."

ಅಜ್ಜಿ ಅಂದು ಆ ಡಚ್ಚನ್ನು ತಿದ್ದಲಿಲ್ಲ.