ಹಿತ್ತಿಲ ಬಾಗಿಲ ಸದ್ದು

ಮೊನ್ನೆ ದೇವನಹಳ್ಳಿ ರಸ್ತೆಯಲ್ಲಿ ಕೊಂಡು ತಂದ ಕಪ್ಪು ದ್ರಾಕ್ಷಿಯನ್ನು ಬೇಯಲು ಇಟ್ಟಿದ್ದೆ. ಸಿಪ್ಪೆ ಒಡೆದು, ಹುಳಿಯೂ ಸಿಹಿಯೂ ಬೆರೆತ ಆ ಘಮ ಅಡುಗೆಮನೆ ತುಂಬಿದಾಗ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಪಾಸ್ಟರಮ್ಮ ನೆನಪಾದರು... ಜೊತೆಗೆ ಆ ಸದ್ದೂ.

ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದಾಗ ನಮ್ಮ ಬಾಡಿಗೆ ಮನೆ ಅವರ ಮನೆಗೆ ಅಂಟಿಕೊಂಡೇ ಇತ್ತು. ಅವರ ಯಜಮಾನರಾದ ಪಾಸ್ಟರ್ ತೀರಿಹೋಗಿ ಕೆಲವು ವರ್ಷವಾಗಿತ್ತು. ಆದರೂ ಚರ್ಚಿನ ಸಭೆಯ ಭಾರವೆಲ್ಲ ಈಕೆಯ ತಲೆ ಮೇಲೇ. ಯಾರಿಗೆ ಜ್ವರ, ಯಾರಿಗೆ ಕೆಲಸವಿಲ್ಲ, ಯಾರ ಗಂಡ ಕುಡಿದು ಬರುತ್ತಾನೆ, ಎಲ್ಲರಿಗೂ ಇವರೇ ಮೊಣಕಾಲೂರಿ ಪ್ರಾರ್ಥಿಸಬೇಕು. ಅವರಿಗೇನು ಬೇಕು ಎಂದು ಯಾರಾದರೂ ಕೇಳಿದರೆ, "ನಂಗೇನಿದೆ, ಕರ್ತ ಎಲ್ಲಾ ಕೊಟ್ಟವ್ನೆ" ಎಂದು ನಗುತ್ತಿದ್ದರು.

ತಿಂಗಳ ಮೊದಲ ಭಾನುವಾರ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ರಸ ಮಾಡುವವರೂ ಅವರೇ. ಆದರೆ ಲೋಟ ಕೈಯಿಂದ ಕೈಗೆ ದಾಟುವ ಹೊತ್ತಿಗೆ ಅವರು ಅಲ್ಲಿರುತ್ತಿರಲಿಲ್ಲ. ಹಿಂದಿನ ಒಲೆಯ ಹತ್ತಿರ ಎಲ್ಲರ ಊಟಕ್ಕೆ ಸಾರು ಕುದಿಸುತ್ತಿದ್ದರು. ಗಂಡ ಸತ್ತ ಮೇಲಿಂದ ಹೀಗೇ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ನನಗೆ ಮಾತ್ರ ಅದು ಸ್ವಲ್ಪ ಜಂಬ ಎಂದೇ ಅನಿಸುತ್ತಿತ್ತು.

ರಸ ಕುದಿಸುವ ಶನಿವಾರ ಮಧ್ಯಾಹ್ನ ನಾನೂ ಜೊತೆಗೆ ಹೋಗಿ ಕೂರುತ್ತಿದ್ದೆ. ಬೀದಿಯ ಮಗ್ಗಗಳ ಗದ್ದಲದಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ಕರೆಂಟು ಹೋಗಿ ಅಷ್ಟೂ ಮಗ್ಗ ಒಮ್ಮೆಗೇ ನಿಂತಾಗ ಕಿವಿ ಗುಂಯ್ ಎನ್ನುತ್ತಿತ್ತು. ಆಗ ಕೇಳಿಸುತ್ತಿತ್ತು, ಹಿತ್ತಿಲ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುವ ಸದ್ದು. ಆ ಹಿತ್ತಿಲಿಗೆ ಹೊರಗಿನಿಂದ ದಾರಿಯೇ ಇರಲಿಲ್ಲ. ಸುತ್ತ ಆಳೆತ್ತರದ ಗೋಡೆ.

"ಯಾರೋ ಹಸ್ಕೊಂಡು ಬಂದವ್ರೆ ಕಣಮ್ಮ," ಎಂದು ಪಾಸ್ಟರಮ್ಮ ತಟ್ಟೆಗೆ ಅನ್ನ ಸಾರು ಬಡಿಸಿಕೊಂಡು ಹೋಗಿ ಬಾಗಿಲು ತೆಗೆಯುತ್ತಿದ್ದರು. ಯಾರೂ ಇರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಮಲಗಿದ್ದ ಅವರ ನಾಯಿ ಬೊಗಳದೆ, ಯಾರಿಗೋ ಜಾಗ ಬಿಡುವಂತೆ ಎದ್ದು ಪಕ್ಕಕ್ಕೆ ಸರಿಯುತ್ತಿತ್ತು. ತಟ್ಟೆಯನ್ನು ಅಲ್ಲೇ ಇಟ್ಟು ಬರುವರು. ಸಂಜೆಯವರೆಗೂ ಅದನ್ನು ನಾಯಿ ಮೂಸುತ್ತಿರಲಿಲ್ಲ, ಇರುವೆಯೂ ಮುತ್ತುತ್ತಿರಲಿಲ್ಲ.

ಒಂದು ಶನಿವಾರ ಅವರಿಗೆ ಮೈ ಸರಿಯಿರಲಿಲ್ಲ. ಅಡುಗೆಯೂ ಆಗಿರಲಿಲ್ಲ. ಕರೆಂಟು ಹೋಯಿತು, ಸದ್ದು ಶುರುವಾಯಿತು. ಅವರು ಖಾಲಿ ತಟ್ಟೆಯನ್ನೇ ನೋಡುತ್ತಾ ಕುಳಿತರು. "ಬೇಡಿ ಪಾಸ್ಟರಮ್ಮ, ತೆಗೀಬೇಡಿ," ಎಂದೆ. ಸದ್ದು ನಿಲ್ಲಲಿಲ್ಲ. ಕೊನೆಗೆ ಗೋಡೆ ಹಿಡಿದು ಹೋಗಿ ಚಿಲಕ ತೆಗೆದರು. ಹೊರಗೆ ಬಿಸಿಲು ಮಾತ್ರ.

"ಕೊಡಕ್ಕೆ ಏನೂ ಇಲ್ಲ ಇವತ್ತು," ಎಂದರು. ಆಮೇಲೆ ದನಿ ಒಡೆಯಿತು. "ನಂಗೇ ಹಸಿವು. ಅವ್ರು ಹೋದಾಗ್ಲಿಂದ ಒಳಗೆಲ್ಲ ಖಾಲಿ. ಊರಿಗೆಲ್ಲ ಬೇಡ್ಕೊಂಡೆ, ನಂಗೆ ಅಂತ ಬೇಡಕ್ಕೆ ನಾಚ್ಕೆ ಆಯ್ತು. ನೀನೇ ಒಳಗೆ ಬಾ, ಕರ್ತನೇ."

ನಾಯಿ ಎದ್ದು ಜಾಗ ಬಿಟ್ಟಿತು. ಈ ಸಲ ಅದರ ಕಣ್ಣು ಹೊಸ್ತಿಲು ದಾಟಿ ಒಲೆಯವರೆಗೂ ಹೋಯಿತು, ಯಾರೋ ಒಳಗೆ ನಡೆದು ಬಂದದ್ದನ್ನು ನೋಡುವಂತೆ. ನಾನು ಗೋಡೆಗೆ ಒತ್ತಿಕೊಂಡು ನಿಂತೆ. ಪಾಸ್ಟರಮ್ಮ ಅಲ್ಲೇ ಕುಸಿದು ಮಗುವಿನ ಹಾಗೆ ಅತ್ತರು.

ಮರುದಿನ ಸಭೆಯಲ್ಲಿ ಅವರು ಒಲೆಯ ಹತ್ತಿರ ಹೋಗಲಿಲ್ಲ. ನಮ್ಮ ನಡುವೆ ಚಾಪೆಯ ಮೇಲೆ ಕುಳಿತು, "ನಂಗೋಸ್ಕರನೂ ಪ್ರಾರ್ಥನೆ ಮಾಡಿ," ಎಂದರು. ಲೋಟ ಬಂದಾಗ ಎರಡೂ ಕೈ ಒಡ್ಡಿದರು. ಅಂದು ಸಾರು ತಳ ಹಿಡಿದಿತ್ತು, ಎಲ್ಲರೂ ಅದನ್ನೇ ಬಡಿಸಿಕೊಂಡು ಉಂಡರು. ಮುಂದಿನ ದ್ರಾಕ್ಷಿ ಫಸಲಿಗೆ ಅವರಿರಲಿಲ್ಲ... ಆ ಬಾಗಿಲ ಸದ್ದೂ ಮತ್ತೆ ಕೇಳಿಸಲಿಲ್ಲ.

ಈಗ ಸಭೆಗೆ ರಸ ಮಾಡುವುದು ನಾನು, ಸಾರು ಕುದಿಸುವುದೂ ನಾನೇ. ಅವರ ಜಾಗ ತುಂಬಿದೆ ಎಂದು ಜನ ಹೊಗಳುತ್ತಾರೆ. ಅದು ಸುಳ್ಳು, ಆ ಜಾಗ ಇನ್ನೂ ಖಾಲಿಯೇ ಇದೆ. ಏನಾದರೂ ಪ್ರಾರ್ಥನೆ ಬೇಕಾ ಅಕ್ಕ ಎಂದು ಕೇಳಿದವರಿಗೆ, ನನಗೇನಿದೆ ಎಂದು ನಗುತ್ತೇನೆ. ಲೋಟಕ್ಕೆ ಕೈಯೊಡ್ಡಿ ಎಷ್ಟು ಕಾಲವಾಯಿತೋ ನೆನಪಿಲ್ಲ.

ಮೊನ್ನೆ ಸೌಟು ಹಿಡಿದು ಹಾಗೇ ನಿಂತಿದ್ದಾಗ ಕರೆಂಟು ಹೋಯಿತು. ಬೀದಿಯ ಮಗ್ಗಗಳು ನಿಂತವು. ಈಗಿನ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಹಿಂದಿನ ಬಾಗಿಲಾಚೆ ಬಟ್ಟೆ ಒಣಗಿಸುವಷ್ಟು ಬಾಲ್ಕನಿ ಬಿಟ್ಟರೆ ಬೇರೇನೂ ಇಲ್ಲ. ಆ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

ನನ್ನ ಕೈ ತಾನಾಗಿ ತಟ್ಟೆಗೆ ಹೋಯಿತು. ಪಾಸ್ಟರಮ್ಮ ಇದ್ದಿದ್ದರೆ ಅವರ ಸೆರಗು ಹಿಡಿದುಕೊಳ್ಳುತ್ತಿದ್ದೆ. ಎತ್ತಿದ ತಟ್ಟೆಯನ್ನು ಕೆಳಗಿಟ್ಟು, ಬರಿಗೈಯಲ್ಲಿ ಹೋಗಿ ಚಿಲಕ ತೆಗೆದೆ.